ಪದ್ಮಿನಿಯ ಜಮಾ-ಖರ್ಚು

ನಮ್ಮ ಮನೆಯ ಕಾರು ಪ್ರೀಮಿಯರ್ ಪದ್ಮಿನಿ, 1984ರ ಮಾಡೆಲ್. ಈಗಿನ ಮಕ್ಕಳು ಇಂಥದ್ದನ್ನು ಹಳೆಯ ಸಿನಿಮಾಗಳಲ್ಲಿ ನೋಡಿರಬಹುದು. ಮುಂದೆ ಎರಡು ದುಂಡು ದೀಪ, ಹಿಂದೆ ಪುಟ್ಟ ರೆಕ್ಕೆಯಂತೆ ಮೇಲೆದ್ದ ಎರಡು ಮೂಲೆ. ಗೇರು ಕಾಲಿನ ಬಳಿ ಇಲ್ಲ, ಸ್ಟಿಯರಿಂಗಿನ ಪಕ್ಕದಲ್ಲೇ ಇದೆ. ಅಜ್ಜ-ಅಜ್ಜಿಯರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಅವರಲ್ಲಿ ಅನೇಕರು ಇದನ್ನು ‘ಫಿಯೆಟ್’ ಎಂದೇ ಕರೆಯುತ್ತಾರೆ, ಅದೂ ಸರಿಯೇ. ಇಟಲಿಯ ಫಿಯೆಟ್ ಕಂಪನಿಯ 1100 ಎಂಬ ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ತಯಾರಿಸುತ್ತಿದ್ದರು. 1974ರಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಾಯಿತು.

ನಾನು ಅದನ್ನು 1994ರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಡಾಕ್ಟರರಿಂದ ಸೆಕೆಂಡ್ ಹ್ಯಾಂಡ್ ಕೊಂಡೆ. ಹದಿನೇಳು ವರ್ಷ ಓಡಿಸಿದೆ. ಆಮೇಲೆ ಬಿಡಿಭಾಗ ಸಿಗುವುದು ಕಷ್ಟವಾಗಿ, ಶಿವಮೊಗ್ಗ ವಿನೋಬನಗರದ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತು. 2023ರ ಡಿಸೆಂಬರಿನಲ್ಲಿ ಗುಜರಿಯವನು ಬಂದು, ಸುತ್ತ ಒಂದು ಸುತ್ತು ಹಾಕಿ, ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಕಾರಿನ ತೂಕ ಸುಮಾರು 900 ಕಿಲೋ. ಎಂಟನೇ ತರಗತಿಯ ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಅಜ್ಜ, ಇದು ಓಡಲ್ಲ ಅಂತ ಯಾರು ಹೇಳಿದ್ದು?” ಎಂದಳು. ಯಾರೂ ಹೇಳಿರಲಿಲ್ಲ. ಗುಜರಿಯವನಿಗೆ ಟೀ ಕೊಟ್ಟು ಕಳುಹಿಸಿದೆವು.

ಕಾರು ಸರಿಮಾಡುವ ವಿದ್ಯೆ ನನ್ನದಲ್ಲ. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ಗುಮಾಸ್ತಿಕೆ. ನನಗೆ ಬರುವುದು ಲೆಕ್ಕ ಇಡುವುದು ಮಾತ್ರ. ಹಾಗಾಗಿ ಮೊದಲು ಕೊಂಡದ್ದು ಸ್ಪ್ಯಾನರ್ ಅಲ್ಲ, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ದುಡ್ಡಿನ ಖರ್ಚಿಗೆ ಬೇರೆ ಪುಸ್ತಕವಿತ್ತು. ಇದರಲ್ಲಿ ರೂಪಾಯಿಯ ಕಾಲಮ್ಮೇ ಇಲ್ಲ. ಎಡಗಡೆ ಯಾರು ಏನು ಸಹಾಯ ಮಾಡಿದರು, ಎಷ್ಟು ಗಂಟೆ. ಬಲಗಡೆ ನಾನು ಅವರಿಗೆ ಏನು ಮಾಡಿಕೊಟ್ಟೆ. ಸ್ನೇಹದಲ್ಲಿ ಲೆಕ್ಕ ಇಡಬಾರದು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ವಯಸ್ಸಿನಲ್ಲಿ ಬರೆದಿಡದಿದ್ದರೆ ಯಾರ ಋಣವೂ ನೆನಪಿರುವುದಿಲ್ಲ.

ಮೊದಲ ಸಲಹೆ ಬಂದದ್ದು ಭದ್ರಾವತಿಯಿಂದ. ಅಲ್ಲಿ ಹೊಸಮನೆಯಲ್ಲಿ ನನ್ನ ಹೈಸ್ಕೂಲು ಸಹಪಾಠಿಯೊಬ್ಬನಿದ್ದಾನೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಕಾಲೇಜಿಗೆಂದು ಶಿವಮೊಗ್ಗಕ್ಕೆ ಬಂದೆ. ಅವನು ಕಬ್ಬಿಣದ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ, ಟರ್ನರ್ ಆಗಿ ನಿವೃತ್ತನಾದ. ಫೋನಿನಲ್ಲಿ ಕಾರಿನ ವಿಷಯ ಹೇಳುತ್ತಿದ್ದ ಹಾಗೆ, “ಮಾರಾಯ, ಬ್ಯಾಟರಿ ಹಾಕಿ ಕೀ ಮಾತ್ರ ತಿರುಗಿಸಬೇಡ!” ಎಂದು ಕೂಗಿದ. ಹನ್ನೆರಡು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತವಂತೆ. ಒಮ್ಮೆಲೇ ತಿರುಗಿಸಿದರೆ ರಿಂಗು ಮುರಿದು ಎಂಜಿನ್ ಹಾಳು. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ಲು ಮತ್ತು ಎಂಜಿನ್ ಆಯಿಲನ್ನು ಅರ್ಧಕ್ಕರ್ಧ ಬೆರೆಸಿ, ಒಂದೊಂದು ತೂತಿಗೆ ಸಣ್ಣ ಲೋಟದಷ್ಟು ಹುಯ್ದು ಒಂದು ವಾರ ಬಿಡು ಎಂದ. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ತೂಗಬೇಕು. ಗೇರಿನಲ್ಲಿದ್ದಾಗ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಇರುವುದರಿಂದ, ಹಿಂದಿನ ಚಕ್ರ ಉರುಳಿದರೆ ಒಳಗೆ ಪಿಸ್ಟನ್ನೂ ಸರಿಯಲೇಬೇಕು.

ತೂಗಲು ಜನ ಬೇಕಲ್ಲ! ಬೆಳಗಿನ ವಾಕಿಂಗ್ ಗೆಳೆಯರಿಗೆ ಹೇಳಿದೆ. ಇಬ್ಬರು ಹಳೆಯ ಸಹೋದ್ಯೋಗಿಗಳು, ಒಬ್ಬ ನಿವೃತ್ತ ಗಣಿತದ ಮೇಷ್ಟ್ರು, ಒಬ್ಬ ಔಷಧಿ ಅಂಗಡಿಯವರು, ಎದುರು ಮನೆಯ ರಾಯರು, ನಾನು, ಜೊತೆಗೆ ಹಾಲಿನ ಹುಡುಗ. ಹುಡುಗನಿಗೆ 22 ವರ್ಷ. ಏಳು ಜನರ ವಯಸ್ಸು ಕೂಡಿಸಿದರೆ 465 ಎಂದು ಮೊಮ್ಮಗಳು ಲೆಕ್ಕ ಹಾಕಿ, ಸರಾಸರಿಯನ್ನು ಹಾಲಿನವನೊಬ್ಬನೇ ಕೆಡಿಸುತ್ತಿದ್ದಾನೆ ಎಂದು ದೂರಿದಳು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಎದೆಗೆ ಸ್ಟೆಂಟ್. ಸ್ಟೆಂಟಿನವರನ್ನು ತಳ್ಳುವುದಕ್ಕೆ ಬಿಡದೆ ಸ್ಟಿಯರಿಂಗ್ ಹಿಡಿಯಲು ಕೂರಿಸಿದೆವು. ಅವರಿಗೆ ಅದೇ ಬೇಕಾಗಿತ್ತು ಎಂದು ಕಾಣುತ್ತದೆ.

ಮುಂದಕ್ಕೆ ತಳ್ಳಿದೆವು, ಜಗ್ಗಲಿಲ್ಲ. ಹಿಂದಕ್ಕೆ ಎಳೆದೆವು, ಇಲ್ಲ. ತೊಟ್ಟಿಲು ತೂಗುವ ಹಾಗೆ, ಸಾವಕಾಶವಾಗಿ, ಒಂದೇ ಲಯದಲ್ಲಿ ತೂಗಿದೆವು. ಇಪ್ಪತ್ತು ನಿಮಿಷವಾಗಿರಬೇಕು. ಬಾನೆಟ್ಟಿನ ಮುಂದೆ ಕಾವಲು ನಿಂತಿದ್ದ ಮೊಮ್ಮಗಳು, “ಫ್ಯಾನು ಅಲ್ಲಾಡ್ತು! ಒಂದು ಬೆರಳು!” ಎಂದು ಕಿರುಚಿದಳು. ಇನ್ನೆರಡು ಸಲ ತೂಗಿದ ಮೇಲೆ ಒಂದು ಗೇಣು. ಮೇಷ್ಟ್ರು ಅಲ್ಲೇ ಕಟ್ಟೆಯ ಮೇಲೆ ಕೂತು ಮಕ್ಕಳ ಹಾಗೆ ನಕ್ಕರು. ಆ ದಿನ ನಮ್ಮ ಮನೆಯಲ್ಲಿ ಖಾರ ಮಂಡಕ್ಕಿ ಎಷ್ಟು ಖರ್ಚಾಯಿತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ.

ಎಂಜಿನ್ ಉಳಿಯಿತು. ಆದರೆ ಕಾರಿನ ಅಡಿ ನೋಡಿದಾಗ ಜಂಘಾಬಲವೇ ಉಡುಗಿತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಟಿಂಕರ್ ಕೆಲಸದ ಒಬ್ಬ ಸಾಬರಿದ್ದಾರೆ. ಈಗ ಅಂಗಡಿ ಮಗನದು, ಆದರೂ ತಂದೆ ದಿನಾ ಬಂದು ಕೂರುತ್ತಾರೆ. ಅವರು ಮ್ಯಾಟು ಎತ್ತಿ, ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನೆಲಕ್ಕೆ ಮೆಲ್ಲಗೆ ಚುಚ್ಚಿದರು. ಅದು ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು.

ಬಸ್ಸು ಲಾರಿಗಳಿಗೆ ಕೆಳಗೆ ಛಾಸಿ ಎಂಬ ಗಟ್ಟಿ ಚೌಕಟ್ಟು ಇರುತ್ತದೆ, ಗಾಡಿಗೆ ಮೂಕಿ ಇದ್ದ ಹಾಗೆ. ಮೇಲಿನ ಮೈ ಹೋದರೂ ಗಾಡಿ ನಿಲ್ಲುತ್ತದೆ. ಪದ್ಮಿನಿಗೆ ಹಾಗೆ ಬೇರೆ ಛಾಸಿ ಇಲ್ಲ. ತಗಡಿನ ಮೈಯೇ ಅದರ ಬೆನ್ನೆಲುಬು. ನೆಲ ತಿಂದುಹೋದರೆ ಕಾರಿನ ಶಕ್ತಿಯೇ ಹೋದಂತೆ. “ಸಾರ್, ಇದರ ಮೇಲೆ ಪುಟ್ಟಿ ಮೆತ್ತಿ, ಕರೀ ಬಣ್ಣ ಹೊಡೆದು ನಾಡಿದ್ದೇ ಕೊಡಬಹುದು, ನೋಡೋರಿಗೆ ಗೊತ್ತಾಗಲ್ಲ” ಎಂದರು ಸಾಬರು. ಆಮೇಲೆ ಮೊಮ್ಮಗಳ ಕಡೆ ನೋಡಿ, “ಈ ಮಗು ಇದರಲ್ಲಿ ಕೂತ್ಕಳಲ್ವಾ?” ಎಂದರು. ಕೊಳೆತಷ್ಟನ್ನೂ ಕತ್ತರಿಸಿ ತೆಗೆದು 18 ಗೇಜಿನ ಹೊಸ ಶೀಟು ಬೆಸುಗೆ ಹಾಕುವುದೆಂದು ತೀರ್ಮಾನವಾಯಿತು. ಐದು ವಾರ ಹಿಡಿಯಿತು. ಶೀಟಿಗೆ, ಗ್ಯಾಸಿಗೆ, ಕೆಲಸದ ಹುಡುಗನ ಕೂಲಿಗೆ ಹಣ ತೆಗೆದುಕೊಂಡರು. ತಮ್ಮ ಕೈಗೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಮೊದಲ ಗ್ಯಾಸ್ ವೆಲ್ಡಿಂಗ್ ಸೆಟ್ಟು ಕೊಳ್ಳುವಾಗ ಸಾಲದ ಅರ್ಜಿ ತುಂಬಿಕೊಟ್ಟವನು ನಾನಂತೆ. ನನಗೆ ನೆನಪೇ ಇರಲಿಲ್ಲ. ಕೌಂಟರಿನಲ್ಲಿ ಕೂತವನು ದಿನಕ್ಕೆ ಎಷ್ಟು ಅರ್ಜಿ ತುಂಬುತ್ತಾನೆ! “ಆ ಸಾಲ ಯಾವಾಗಲೋ ತೀರಿತು ಸಾರ್, ಇದು ಬಡ್ಡಿ” ಎಂದರು.

ತುಕ್ಕಿನ ವಿಷಯ ಕೇಳಿ ಭದ್ರಾವತಿಯ ಗೆಳೆಯ ಮೊಮ್ಮಗಳಿಗೆ ಫೋನಿನಲ್ಲೇ ಒಂದು ಪಾಠ ಮಾಡಿದ. ಕೆಮ್ಮಣ್ಣುಗುಂಡಿ ಎಂಬ ಹೆಸರಲ್ಲೇ ಕೆಂಪು ಮಣ್ಣಿದೆಯಲ್ಲ, ಆ ಕೆಂಪು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ್ದು. ಅಲ್ಲಿಂದ ಅದಿರು ಭದ್ರಾವತಿಗೆ ಬರುತ್ತಿತ್ತು. ಮಲೆನಾಡಿನ ಕಾಡಿನ ಇದ್ದಿಲ ಜೊತೆ ಕುಲುಮೆಯಲ್ಲಿ ಕಾಯಿಸಿದಾಗ ಇದ್ದಿಲು ಆಮ್ಲಜನಕವನ್ನು ಎಳೆದುಕೊಂಡು ಹೋಗಿ ಕಬ್ಬಿಣ ಉಳಿಯುತ್ತಿತ್ತು. ಅದೇ ಕಬ್ಬಿಣಕ್ಕೆ ನೀರು, ಗಾಳಿ ಸೋಕಿದರೆ ಮತ್ತೆ ಆಮ್ಲಜನಕ ಕೂಡಿಕೊಂಡು ಕೆಂಪಾಗುತ್ತದೆ. “ನಿಮ್ಮ ಅಜ್ಜನ ಕಾರು ಕೆಮ್ಮಣ್ಣುಗುಂಡಿಗೆ ವಾಪಸ್ ಹೊರಟಿದೆ ಮರಿ, ಬೇಗ ಹಿಡಿದು ನಿಲ್ಲಿಸಿ” ಎಂದನಂತೆ. ವಿಜ್ಞಾನದ ನೋಟ್ಸಿನಲ್ಲಿ ಅವಳು ಇದನ್ನೇ ಬರೆದು ಟೀಚರಿಂದ ಶಹಬ್ಬಾಸ್ ಪಡೆದಳು.

ಉಳಿದ ಎಷ್ಟೋ ಕೆಲಸ ಸಲೀಸಾಗಿ ನಡೆಯಿತು. ಪೆಟ್ರೋಲ್ ಟ್ಯಾಂಕ್ ಬಿಚ್ಚಿ, ಒಳಗಿದ್ದ ವಾರ್ನಿಷಿನಂಥ ಅಂಟನ್ನು ಸುರಿದು, ಸಣ್ಣ ಜಲ್ಲಿಕಲ್ಲು, ಸೋಪಿನ ನೀರು ತುಂಬಿ ಹಾಲಿನ ಹುಡುಗನೂ ಅವನ ತಮ್ಮನೂ ಕುಲುಕಿದರು. ಬೀದಿಯ ನಾಯಿಗಳೆಲ್ಲ ಓಡಿಹೋದವು. ನನ್ನ ಹೆಂಡತಿಯ ಗೆಳತಿ, ಹೊಲಿಗೆ ಕಲಿಸುತ್ತಿದ್ದ ಅಕ್ಕ, ರೆಕ್ಸಿನ್ ತರಿಸಿ ಸೀಟು ಹೊಲಿದುಕೊಟ್ಟರು. ವೈರಿಂಗ್ ಅನ್ನು ಎದುರು ಮನೆಯ ರಾಯರ ಮಗ ಎರಡು ಭಾನುವಾರ ಕೂತು ಮಾಡಿದ. ಬಿಚ್ಚಿದ ಪ್ರತಿ ನಟ್ಟು ಬೋಲ್ಟು ಯಾವುದರದು ಎಂದು ಚೀಟಿ ಅಂಟಿಸಿ ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿಟ್ಟವಳು ಮೊಮ್ಮಗಳು. ಒಟ್ಟು 31 ಬಾಟಲಿ. ಬಣ್ಣ ಮೊದಲಿದ್ದ ಕೆನೆ ಬಣ್ಣವೇ. ಹಳೆಯ ಕಾರಿಗೆ ಕಣ್ಣು ಕೋರೈಸುವ ಬಣ್ಣ ಬಳಿಯುವುದು ಅಜ್ಜಿಗೆ ಜರಿ ಲಂಗ ಉಡಿಸಿದ ಹಾಗೆ ಎಂದು ನನಗೆ ಅನ್ನಿಸುತ್ತದೆ.

ಇವರಿಗೆಲ್ಲ ನಾನು ಕೊಟ್ಟದ್ದೇನು? ಬಲಗಡೆಯ ಕಾಲಮ್ಮು ನೋಡಿದರೆ ನಗು ಬರುತ್ತದೆ. ಮೇಷ್ಟ್ರಿಗೆ ಠೇವಣಿಯ ಬಡ್ಡಿಯಲ್ಲಿ ತೆರಿಗೆ ಮುರಿಯದಂತೆ 15ಎಚ್ ಫಾರಂ. ಔಷಧಿ ಅಂಗಡಿಯವರಿಗೆ ನಾಮಿನಿ ಬದಲಾವಣೆ. ಅಕ್ಕನಿಗೆ ನವೆಂಬರಿನ ಜೀವಿತ ಪ್ರಮಾಣಪತ್ರ. ಹಾಲಿನ ಹುಡುಗನಿಗೆ ಸೊಸೈಟಿ ಲೆಕ್ಕ. ಅವರು ಕೊಟ್ಟದ್ದು ಬೆವರು, ನಾನು ಕೊಟ್ಟದ್ದು ಕಾಗದ.

ನಿಜವಾದ ಕಷ್ಟ ಇದ್ದದ್ದು ಮುಂದಿನ ಚಕ್ರಗಳಲ್ಲಿ. ಬಾಗಿಲು ಕೀಲಿನ ಮೇಲೆ ತಿರುಗುವಂತೆ, ಈ ಕಾರಿನ ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ‘ಕಿಂಗ್ ಪಿನ್’ ಎಂಬ ಉಕ್ಕಿನ ಗೂಟದ ಮೇಲೆ. ಗೂಟದ ಸುತ್ತ ಗನ್‌ಮೆಟಲ್ಲಿನ ಬುಷ್, ಎಂದರೆ ಲೋಹದ ಬಳೆಯಂಥದ್ದು, ಮೇಲೊಂದು ಕೆಳಗೊಂದು. ಎರಡು ಚಕ್ರಕ್ಕೆ ನಾಲ್ಕು ಬುಷ್. ಅವು ಸವೆದರೆ ಚಕ್ರ ಗಡಗಡ ಅಲ್ಲಾಡುತ್ತದೆ, ಕಾರು ಹೇಳಿದ ಮಾತು ಕೇಳುವುದಿಲ್ಲ. ನಮ್ಮವು ಪೂರ್ತಿ ಸವೆದಿದ್ದವು. ಹೊಸ ಪಿನ್ ಎಲ್ಲಾದರೂ ಸಿಗಬಹುದು, ಬುಷ್ಷನ್ನು ನಾನೇ ತಿರುಗಿಸಿಕೊಡುತ್ತೇನೆ ಎಂದು ಭದ್ರಾವತಿಯ ಗೆಳೆಯ ಮಾತು ಕೊಟ್ಟಿದ್ದ. ಮನೆಯ ಹಿತ್ತಲ ಶೆಡ್ಡಿನಲ್ಲಿ ಅವನದೊಂದು ಸಣ್ಣ ಲೇತ್ ಇತ್ತು.

ಏಪ್ರಿಲಿನಲ್ಲಿ ಅವನೇ ಫೋನು ಮಾಡಿದ. ಹಿಂದಿನ ವರ್ಷ ಅವನ ಹೆಂಡತಿ ತೀರಿಕೊಂಡಿದ್ದರು. ಒಬ್ಬನೇ ಇರುವುದು ಬೇಡವೆಂದು ಪುಣೆಯಲ್ಲಿರುವ ಮಗ ಹಟ ಹಿಡಿದಿದ್ದ. ಜೂನ್ ಮೊದಲ ವಾರ ಹೊರಡುವುದು. ಲೇತಿಗೆ ಮಾಚೇನಹಳ್ಳಿ ಕಡೆಯ ಒಬ್ಬರು ಮುಂಗಡ ಕೊಟ್ಟಾಗಿದೆ, ಮೇ ಕೊನೆಗೆ ಒಯ್ಯುತ್ತಾರೆ. “ಪಿನ್ ಯಾವಾಗ ತರ್ತೀಯ ಹೇಳು” ಎಂದ. ಪಿನ್ ಇಲ್ಲದೆ ಬುಷ್ ತಿರುಗಿಸಲು ಬರುವುದಿಲ್ಲ. ಒಂದರ ಅಳತೆ ಇನ್ನೊಂದಕ್ಕೆ ಕೂರಬೇಕು. ಶಿವಮೊಗ್ಗದಲ್ಲಿ ಹುಡುಕಿದೆ, ದಾವಣಗೆರೆಯಲ್ಲಿ ಕೇಳಿಸಿದೆ, ಇಲ್ಲ.

ಆಗ ನೆನಪಾದವರು ಡೊಂಬಿವಲಿಯಲ್ಲಿ ನೆಲೆಸಿರುವ ನನ್ನ ಹಳೆಯ ಸಹೋದ್ಯೋಗಿ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು ದಶಕಗಳ ಕಾಲ ಪದ್ಮಿನಿಗಳೇ ಆಗಿದ್ದವು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು; ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಮರೆಯಾದವು. ಟ್ಯಾಕ್ಸಿ ಹೋದರೂ ಬಿಡಿಭಾಗ ಉಳಿದಿರಬೇಕಲ್ಲ ಎಂಬುದು ನನ್ನ ಲೆಕ್ಕ. ಆ ಪುಣ್ಯಾತ್ಮರು 72ನೇ ವಯಸ್ಸಿನಲ್ಲಿ ಲೋಕಲ್ ಟ್ರೇನು ಹಿಡಿದು ಕುರ್ಲಾಕ್ಕೆ ಮೂರು ಸಲ ಹೋದರು. ಮೂರನೆಯ ಸಲ ಒಂದು ಹಳೆಯ ಅಂಗಡಿಯಲ್ಲಿ, ಗ್ರೀಸ್ ಕಾಗದದಲ್ಲಿ ಸುತ್ತಿಟ್ಟ ಒಂದು ಜೊತೆ ಹೊಸ ಪಿನ್ ಸಿಕ್ಕಿತು. ಬೇಸಿಗೆ ರಜೆಗೆ ಊರಿಗೆ ಹೊರಟಿದ್ದ ಅವರ ನೆಂಟರು ಬಸ್ಸಿನಲ್ಲಿ ತಂದುಕೊಟ್ಟರು. ಕೈಗೆ ಬಂದದ್ದು ಮೇ 21ರಂದು. ಲೇತ್ ಹೋಗುವುದು ಮೇ 25ಕ್ಕೆ.

ಮರುದಿನ ಬೆಳಗ್ಗೆ ನಾನು, ಮೊಮ್ಮಗಳು ಭದ್ರಾವತಿ ಬಸ್ಸು ಹತ್ತಿದೆವು. ಗೆಳೆಯನ ಮನೆಯಲ್ಲಿ ಅರ್ಧ ಸಾಮಾನು ಡಬ್ಬಗಳಲ್ಲಿ ಕಟ್ಟಿಯಾಗಿತ್ತು. ಬಲಗಣ್ಣಿನ ಪೊರೆ ತೆಗೆಸಿದ್ದ, ಎಡಗಣ್ಣಿನದು ಬಾಕಿ. ಅದು ಎಷ್ಟು ತೊಡಕೆಂದು ಗೊತ್ತಾದದ್ದು ಕೆಲಸಕ್ಕೆ ನಿಂತಾಗಲೇ. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಆದರೆ ಮೈಕ್ರೋಮೀಟರಿನ ಸಣ್ಣ ಗೆರೆಗಳು ಕಾಣಿಸುತ್ತಿರಲಿಲ್ಲ. ಮೊದಲ ಬುಷ್ಷಿನ ಅಳತೆ ತಪ್ಪಿತು. ಬೆರಳಲ್ಲಿ ಸವರಿ ನೋಡಿ, ಮಾತಾಡದೆ ಮೂಲೆಗೆ ಎಸೆದ. ತಂದಿದ್ದ ಗನ್‌ಮೆಟಲ್ ಸರಳು ಐದು ಬುಷ್ಷಿಗೆ ಆಗುವಷ್ಟೇ ಇತ್ತು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಐವತ್ತು ವರ್ಷ ಅದೇ ಕೆಲಸ ಮಾಡಿದವನ ಎದುರು ಸಮಾಧಾನದ ಮಾತೂ ತಪ್ಪಾಗುತ್ತದೆ.

ಸ್ವಲ್ಪ ಹೊತ್ತು ಕಳೆದು ಅವನೇ, “ಬಾ ಇಲ್ಲಿ ಮರಿ, ಇವತ್ತು ನಿನ್ನ ಕಣ್ಣು, ನನ್ನ ಕೈ” ಎಂದ.

ಮೈಕ್ರೋಮೀಟರ್ ಓದುವುದನ್ನು ಅವನು ಕಲಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾವ ಮಗುವಿಗಾದರೂ ಉಪಯೋಗವಾದೀತು. ಅದರೊಳಗೊಂದು ತಿರುಪು. ಒಂದು ಇಂಚಿನಲ್ಲಿ ಅದಕ್ಕೆ 40 ಸುತ್ತು. ಎಂದರೆ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಅದು ಇಂಚಿನ ನಲವತ್ತನೇ ಒಂದು ಭಾಗ ಸರಿಯುತ್ತದೆ. ತಿರುಗುವ ತೋಳಿನ ಸುತ್ತ 25 ಗೆರೆ. ನಲವತ್ತು ಇಪ್ಪತ್ತೈದಲೆ ಸಾವಿರ. ಹಾಗಾಗಿ ಒಂದು ಗೆರೆಯೆಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಟರ್ನರುಗಳ ಭಾಷೆಯಲ್ಲಿ ಅದು ಒಂದು ‘ಥೌ’. ಅಭ್ಯಾಸಕ್ಕೆಂದು ಅವಳ ತಲೆಗೂದಲನ್ನೇ ಒಂದು ಕಿತ್ತು ಅಳೆಸಿದ. ಮೂರು ಥೌಗೆ ಸ್ವಲ್ಪ ಕಡಿಮೆ. “ಬುಷ್ಷಿಗೂ ಪಿನ್ನಿಗೂ ನಡುವೆ ನಿನ್ನ ಕೂದಲು ತೂರಬಾರದು, ಗ್ರೀಸು ಮಾತ್ರ ತೂರಬೇಕು” ಎಂದ. ಅವನು ಲೇತ್ ನಿಲ್ಲಿಸುವುದು, ಅವಳು ಹಿಡಿದು ಓದುವುದು, “ಇನ್ನೂ ನಾಲ್ಕು ಥೌ ಇದೆ ಅಜ್ಜ” ಎನ್ನುವುದು, ಅವನು ಕೂದಲೆಳೆಯಷ್ಟು ಕೆತ್ತುವುದು. ಎರಡು ದಿನ ಹೀಗೆ ಹೋಯಿತು. ನಾನು ಟೀ ತರುವ ಕೆಲಸಕ್ಕಿದ್ದೆ.

ಟೀ ಕುಡಿಯುವಾಗ ಅವನು ಅವಳಿಗೆ ವಿಶ್ವೇಶ್ವರಯ್ಯನವರ ವಿಷಯ ಹೇಳಿದ. ಭದ್ರಾವತಿಯ ಕಾರ್ಖಾನೆ ಅವರ ಕನಸು, ಕಬ್ಬಿಣ ತಯಾರಿಕೆ ಶುರುವಾದದ್ದು 1923ರಲ್ಲಿ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವರು ಕಾರಿನ ಕಾರ್ಖಾನೆಗೂ ಯೋಜನೆ ಹಾಕಿದ್ದರು ಎಂಬುದು ಎಷ್ಟೋ ದೊಡ್ಡವರಿಗೂ ತಿಳಿದಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿದರು. ಬೆಂಗಳೂರಿನಲ್ಲಿ ಕಾರು ತಯಾರಿಸಲು ಮೈಸೂರು ಸಂಸ್ಥಾನ ಕೈಜೋಡಿಸಲು ಸಿದ್ಧವಿದ್ದರೂ ಬ್ರಿಟಿಷ್ ಸರ್ಕಾರದ ಒತ್ತಾಸೆ ಸಿಗದೆ ಅದು ನಿಂತಿತು. ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, 1944ರಲ್ಲಿ ಮುಂಬಯಿಯಲ್ಲಿ ಕಾರಿನ ಕಂಪನಿ ಸ್ಥಾಪಿಸಿದರು. ಅದೇ ಪ್ರೀಮಿಯರ್. “ನೋಡು, ನಿಮ್ಮ ಅಜ್ಜನ ಕಾರು ನಮ್ಮ ಕಾರ್ಖಾನೆಗೆ ತಮ್ಮನೋ ತಂಗಿಯೋ ಆಗಬೇಕು” ಎಂದ. ಆ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ 2023ರಲ್ಲಿ ಬಂದು, ಕಾರ್ಮಿಕರು ಧರಣಿ ಕೂತಿದ್ದರು. ಅದರ ಮಾತು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೇ 23ರ ಸಂಜೆ ನಾಲ್ಕನೇ ಬುಷ್ ಮುಗಿಯಿತು. 24ಕ್ಕೆ ಅವನು ಶಿವಮೊಗ್ಗಕ್ಕೆ ಬಂದು, ಸಾಬರ ಅಂಗಡಿಯಲ್ಲಿ ಬುಷ್ ಕೂರಿಸಿ, ಒಳಗೆ ರೀಮರ್ ಆಡಿಸಿ, ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿದ. ಎಣ್ಣೆ ಹಚ್ಚಿದ ಹಾಗೆ ಒಳಗೆ ಜಾರಿತು. ಸಾಬರು ಏನೂ ಹೇಳದೆ ಅವನ ಕೈ ಹಿಡಿದು ಕುಲುಕಿದರು. ಕಾರಿಗೆ ಆಗ ಬಣ್ಣವಿಲ್ಲ, ಗಾಜಿಲ್ಲ, ನೋಂದಣಿಯೂ ಮುಗಿದಿತ್ತು. ಅವನನ್ನು ಒಂದು ಸುತ್ತು ಕರೆದೊಯ್ಯುವ ಹಾಗಿರಲಿಲ್ಲ. ಗಾಜಿಲ್ಲದ ಕಾರಿನಲ್ಲಿ ಐದು ನಿಮಿಷ ಸುಮ್ಮನೆ ಕೂತು, ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, ಇಳಿದು ಸಂಜೆಯ ಬಸ್ಸಿಗೆ ಹೋದ. ಮರುದಿನ ಲೇತ್ ಹೋಯಿತು. ಹೋಗುವ ಮುಂಚೆ ಅದರ ಜೊತೆಗಿದ್ದ ಮೈಕ್ರೋಮೀಟರನ್ನು ಎತ್ತಿಟ್ಟುಕೊಂಡು ಮೊಮ್ಮಗಳಿಗೆ ಕಳುಹಿಸಿದ. ನೋಟ್‌ಬುಕ್ಕಿನ ಎಡಗಡೆ ಬರೆದಿದ್ದೇನೆ: ಬುಷ್ 4, ಮೈಕ್ರೋಮೀಟರ್ 1. ಬಲಗಡೆ: ಪಿಂಚಣಿ ಖಾತೆ ಪುಣೆಗೆ ವರ್ಗಾವಣೆ, ವಿಳಾಸ ಬದಲಾವಣೆಯ ಮೂರು ಅರ್ಜಿ.

ಸೆಪ್ಟೆಂಬರಿನಲ್ಲಿ ಕಾರನ್ನು ತಪಾಸಣೆಗೆ ಒಯ್ದೆವು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು, ತಡವಾದದ್ದಕ್ಕೆ ದಂಡ ಬೇರೆ. ಇನ್‌ಸ್ಪೆಕ್ಟರು ದೀಪ, ಹಾರನ್, ಬ್ರೇಕು ನೋಡಿದರು. ಮುಂದಿನ ಚಕ್ರವನ್ನು ಜಾಕಿಯ ಮೇಲೆತ್ತಿಸಿ, ಮೇಲೆ ಕೆಳಗೆ ಹಿಡಿದು ಬಲವಾಗಿ ಅಲ್ಲಾಡಿಸಿದರು. ಮೊಮ್ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು. ಚಕ್ರ ಅಲುಗಲಿಲ್ಲ. “ಕಿಂಗ್ ಪಿನ್ ಎಲ್ಲಿ ಮಾಡಿಸಿದ್ರಿ?” ಎಂದು ಕೇಳಿದರು. “ಭದ್ರಾವತಿಯಲ್ಲಿ” ಎಂದು ಅವಳೇ ಉತ್ತರ ಕೊಟ್ಟಳು.

ಈಗ ಭಾನುವಾರ ಬೆಳಗ್ಗೆ ಕಾರು ತೆಗೆಯುತ್ತೇವೆ. ಮೇಷ್ಟ್ರು, ಸ್ಟೆಂಟಿನವರು ಸರದಿಯ ಮೇಲೆ ಬರುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಮಾಚೇನಹಳ್ಳಿ ದಾಟಿ ಭದ್ರಾವತಿಯವರೆಗೆ ಹೋಗಿ, ಭದ್ರಾ ನದಿಯ ಹತ್ತಿರ ನಿಲ್ಲಿಸಿ, ಪುಣೆಗೆ ಫೋನು ಮಾಡುವುದು ರೂಢಿಯಾಗಿದೆ. ಮೊದಲ ಸಲ ಹೋದಾಗ ನಾನು ಕಾರಿನ ಬಣ್ಣ, ಸೀಟು, ಇನ್‌ಸ್ಪೆಕ್ಟರು ಹೇಳಿದ ಮಾತು ಎಲ್ಲ ವರದಿ ಒಪ್ಪಿಸಲು ಹೊರಟೆ. ಅವನಿಗೆ ಅದೊಂದೂ ಬೇಡ. “ಬಾನೆಟ್ ಎತ್ತು, ಫೋನು ಎಂಜಿನ್ ಹತ್ತಿರ ಹಿಡಿ” ಎಂದ. ಹಿಡಿದೆವು. ಒಂದು ನಿಮಿಷ ಆ ಕಡೆಯಿಂದ ಮಾತಿಲ್ಲ. ಕರೆ ಕಡಿದುಹೋಯಿತೇನೋ ಎಂದುಕೊಂಡೆ.

“ಟ್ಯಾಪೆಟ್ ಸದ್ದು ಬರ್ತಿದೆ. ಎರಡನೇ ಸಿಲಿಂಡರಿಂದು. ಮರಿ ಹತ್ರ ಫೀಲರ್ ಗೇಜ್ ಕೊಟ್ಟು ನೋಡಕ್ಕೆ ಹೇಳು” ಎಂದ.

ಮನೆಗೆ ಬಂದು, ಎಂಜಿನ್ ತಣ್ಣಗಾದ ಮೇಲೆ ಅವಳು ಕವರು ಬಿಚ್ಚಿ ಅಳೆದಳು. ಎರಡನೆಯದೇ.